ಗ್ಲೋಮಿಂಗ್ ಎಂದರೆ ಕತ್ತಲೆಯೇ? ಈ ಇಂಗ್ಲಿಷ್ ಪದದ ಹುಟ್ಟು, ಅರ್ಥ ತಿಳಿದವರು ಹೇಳಿ

ಸಂಜೆಮಲ್ಲಿಗೆ

ನಾನು ಶಿರಸಿ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪಠ್ಯದ ಆಚೆಗೂ ಒಂದಿಷ್ಟು ಕವಿತೆ ಮಕ್ಕಳ ಕಿವಿಗೆ ಬೀಳಲಿ ಎಂದು ಶನಿವಾರದ ಕೊನೆಯ ಅವಧಿಯಲ್ಲಿ ಹಾಡುಗಳನ್ನು ಓದಿಸುವ ರೂಢಿ ಇಟ್ಟುಕೊಂಡಿದ್ದೇನೆ. ಈ ಬಾರಿ ಸ್ಕಾಟ್ಲೆಂಡಿನ ಜೇಮ್ಸ್ ಹಾಗ್ ಬರೆದ, ದನಗಳು ಮನೆಗೆ ಬರುವ ಹೊತ್ತಿನ ಹಾಡನ್ನು ತೆಗೆದುಕೊಂಡೆ. ನಮ್ಮ ಮಕ್ಕಳಿಗೆ ದನ, ಕೊಟ್ಟಿಗೆ, ಸಂಜೆ ಎಲ್ಲವೂ ಗೊತ್ತಿರುವುದರಿಂದ ಸುಲಭವಾಗಿ ಹತ್ತಿರವಾಗುತ್ತದೆ ಎಂದುಕೊಂಡಿದ್ದೆ.

ಅದರ ಪಲ್ಲವಿಯಲ್ಲಿ 'ಗ್ಲೋಮಿಂಗ್‌ಗೂ ಮರ್ಕ್‌ಗೂ ನಡುವೆ' ಎಂಬ ಮಾತಿದೆ. ನಮ್ಮಲ್ಲಿ ಸಿಗುವ ಒಂದು ಗೈಡಿನಲ್ಲಿ ಗ್ಲೋಮಿಂಗ್ ಎಂದರೆ ಕತ್ತಲೆ, ಮರ್ಕ್ ಎಂದರೂ ಕತ್ತಲೆ ಎಂದು ಅರ್ಥ ಕೊಟ್ಟಿದ್ದಾರೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಕತ್ತಲೆಗೂ ಕತ್ತಲೆಗೂ ನಡುವೆ ಅಂದರೆ ಯಾವ ಹೊತ್ತು?" ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಮುಂದಿನ ಶನಿವಾರ ಅವಳಿಗೆ ಸರಿಯಾದ ಉತ್ತರ ಕೊಡಬೇಕು. ಗ್ಲೋಮಿಂಗ್ ಎಂಬುದು ಮಂಕು, ಕತ್ತಲೆ ಎಂಬ ಅರ್ಥದ ಗ್ಲೂಮ್ ಎಂಬುದರ ಇನ್ನೊಂದು ರೂಪವೇ? ಎಲ್ಲಿಂದ ಬಂತು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಳೆನಿಘಂಟು

ಮೇಡಂ, ಮರ್ಕ್ ಎಂದರೆ ಕತ್ತಲೆ ಎಂಬುದು ಸರಿ, ಆದರೆ ಗ್ಲೋಮಿಂಗ್ ವಿಷಯದಲ್ಲಿ ಆ ಗೈಡು ತಪ್ಪು ಹೇಳುತ್ತಿದೆ. ಗ್ಲೋಮಿಂಗ್ ಕತ್ತಲೆಯ ಪದವೇ ಅಲ್ಲ, ಬೆಳಕಿನ ಪದ. ಇಳಿಯುತ್ತಿರುವ, ನಸುವಾದ ಬೆಳಕು, ಆದರೂ ಬೆಳಕೇ.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ 'ಗ್ಲೋಮ್' ಎಂದರೆ ಸಂಧ್ಯೆಯ ಬೆಳಕು. ಅದಕ್ಕೆ 'ಉಂಗ್' ಪ್ರತ್ಯಯ ಹತ್ತಿ 'ಗ್ಲೋಮುಂಗ್' ಆಯಿತು. ಲ್ಯಾಟಿನ್ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದಿಡುತ್ತಿದ್ದ ಕಾಲದಲ್ಲಿ 'ಕ್ರೆಪುಸ್ಕುಲುಮ್', ಅಂದರೆ ಸಂಧ್ಯಾಕಾಲ, ಎಂಬ ಪದದ ಎದುರಿಗೆ ಈ ಗ್ಲೋಮುಂಗ್ ಬರೆದದ್ದು ಉಳಿದು ಬಂದಿದೆ. ಸಂಜೆಗೆ ಅವರಲ್ಲಿದ್ದ 'ಆ್ಯವ್ನುಂಗ್' ಎಂಬ ಪದದ ಅಚ್ಚಿನಲ್ಲೇ ಇದನ್ನು ಎರಕ ಹೊಯ್ದಂತಿದೆ. ಆ್ಯವ್ನುಂಗ್ ಇಂದು ಈವ್ನಿಂಗ್ ಆಗಿದೆ, ಗ್ಲೋಮುಂಗ್ ಇಂದು ಗ್ಲೋಮಿಂಗ್ ಆಗಿದೆ.

ಈ ಗ್ಲೋಮ್ ಎಂಬುದರ ಒಡಹುಟ್ಟು ಎಂದರೆ 'ಗ್ಲೋ'. ಉರಿ ಆರಿದ ಮೇಲೂ ಕೆಂಡ ನಿಗಿನಿಗಿ ಎನ್ನುತ್ತದಲ್ಲ, ಅದು ಗ್ಲೋ. ಸೂರ್ಯ ಮುಳುಗಿದ ಮೇಲೂ ಆಕಾಶದಲ್ಲಿ ಉಳಿಯುವ ಆ ಕಾವಿನ ಬೆಳಕೇ ಗ್ಲೋಮ್. ನಿಮ್ಮ ವಿದ್ಯಾರ್ಥಿನಿಗೆ ಇದೊಂದನ್ನು ಹೇಳಿದರೂ ಸಾಕು, ಹಾಡು ತೆರೆದುಕೊಳ್ಳುತ್ತದೆ.

ಒಂದು ಹಳೆಯ ಉದಾಹರಣೆಯನ್ನು ಕೊಡದೆ ಬಿಡಲಾರೆ. ಇಂಗ್ಲೆಂಡಿನ ಎಕ್ಸೆಟರ್ ಪ್ರಧಾನ ಚರ್ಚಿನಲ್ಲಿ ಹತ್ತನೆಯ ಶತಮಾನದ ಒಂದು ಹಸ್ತಪ್ರತಿ ಇದೆ. ಅದರಲ್ಲಿ ಗುತ್‌ಲಾಕ್ ಎಂಬ ಸಂತನ ಕಥೆಯ ಕಾವ್ಯವಿದೆ. ಕ್ರೌಲ್ಯಾಂಡಿನ ಜೌಗು ನೆಲದಲ್ಲಿ ಒಂಟಿಯಾಗಿ ಬಾಳಿ 714ರಲ್ಲಿ ತೀರಿಕೊಂಡವನು. ಅವನ ಮರಣದ ಸಂದರ್ಭದಲ್ಲಿ ಆ ಪವಿತ್ರ ಮನೆಯ ಸುತ್ತ ದಿವ್ಯವಾದ ಬೆಳಕು 'ಆ್ಯವೆನ್‌ಗ್ಲೋಮ್'ನಿಂದ ಹಿಡಿದು ಪೂರ್ವದಲ್ಲಿ ಬೆಳಗಾಗುವ ತನಕ ಹರಡಿತ್ತು ಎಂದು ಕವಿ ಹೇಳುತ್ತಾನೆ. ಆ್ಯವೆನ್‌ಗ್ಲೋಮ್ ಎಂದರೆ ಸಂಜೆಯ ಗ್ಲೋಮ್. ಅದರ ಮೇಲಿನ ಸಾಲುಗಳಲ್ಲೇ ಆ ದಿವ್ಯ ಬೆಳಕಿಗೆ 'ಗ್ಲ್ಯಾಮ್' ಎಂಬ ಪದ ಬಂದಿದೆ. ಅದು ಇಂದಿನ 'ಗ್ಲೀಮ್', ಅಂದರೆ ಹೊಳಪು, ಎಂಬುದರ ಪೂರ್ವಜ. ಎರಡು ಮೂರು ಸಾಲುಗಳ ಅಂತರದಲ್ಲಿ ಗ್ಲೀಮ್ ಮತ್ತು ಗ್ಲೋಮಿಂಗ್ ಎರಡರ ಹಿರಿಯರೂ ಒಟ್ಟಿಗೆ ನಿಂತಿದ್ದಾರೆ. ಸಂತನ ಮನೆಯ ಬೆಳಕನ್ನು ಹೊಗಳುವ ಕವಿ ಆ ರಾತ್ರಿಯ ಆರಂಭವನ್ನು ಗುರುತಿಸಲೂ ಬೆಳಕಿನ ಪದವನ್ನೇ ಆರಿಸಿಕೊಂಡಿದ್ದಾನೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ದಾರಿಹೋಕ

ಹಳೆನಿಘಂಟು ಅವರೇ, ಒಪ್ಪುತ್ತೇನೆ. ಆದರೆ ಗ್ಲೂಮ್ ಎಂಬುದನ್ನು ಏನು ಮಾಡುವುದು? ಧ್ವನಿ ಒಂದೇ, ಅರ್ಥವೂ ಪಕ್ಕದ್ದೇ. ನ್ಯೂಮನ್ನನ ಪ್ರಾರ್ಥನೆಯಲ್ಲಿ ಸುತ್ತ ಕವಿದ ಗ್ಲೂಮ್ ಎಂದು ಬರುತ್ತದೆ. ಬಿ.ಎಂ.ಶ್ರೀ. ಅದನ್ನು 'ಕರುಣಾಳು ಬಾ ಬೆಳಕೆ' ಎಂದು ಕನ್ನಡಕ್ಕೆ ತಂದಾಗ ಮಬ್ಬು ಎಂದರು. ಮಬ್ಬು ಎಂದರೆ ಅರೆಗತ್ತಲೆಯೇ ತಾನೆ? ಹಾಗಾದರೆ ಗ್ಲೂಮ್, ಗ್ಲೋಮಿಂಗ್ ಎರಡೂ ಒಂದೇ ಬೇರಿನವು ಆಗಿರಬೇಕಲ್ಲವೇ?

ಹಳೆನಿಘಂಟು

ದಾರಿಹೋಕ ಅವರೇ, ಬಹಳ ಜನ ಹಾಗೆಯೇ ಭಾವಿಸುತ್ತಾರೆ. ಆದರೆ ಗ್ಲೂಮ್ ಹುಟ್ಟಿದ್ದು ಆಕಾಶದಲ್ಲಲ್ಲ, ಮನುಷ್ಯನ ಮುಖದ ಮೇಲೆ. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ಅದು ಕ್ರಿಯಾಪದ. ಹುಬ್ಬು ಗಂಟಿಕ್ಕುವುದು, ಮುಖ ಸಿಂಡರಿಸುವುದು, ಮುಖ ಊದಿಸಿಕೊಂಡು ಕೂರುವುದು ಅದರ ಅರ್ಥ. ಮುಖ ಕಪ್ಪಿಟ್ಟಿತು ಎಂದು ನಾವು ಅನ್ನುತ್ತೇವಲ್ಲ, ಆ ದಾರಿಯಲ್ಲೇ ಅದು ಮುಂದೆ ನಿಜವಾದ ಕತ್ತಲೆಗೂ ಸಲ್ಲತೊಡಗಿತು. ಕತ್ತಲೆ ಎಂಬ ಅರ್ಥದ ನಾಮಪದ ಕಾಣಿಸಿಕೊಳ್ಳುವುದು ಹದಿನೇಳನೆಯ ಶತಮಾನದಲ್ಲಿ, ಮಿಲ್ಟನ್ನನ ಕಾವ್ಯದಲ್ಲಿ. ಹಳೆಯ ಗ್ಲೋಮ್‌ಗೂ ಇದಕ್ಕೂ ನಿಘಂಟುಕಾರರು ಸಂಬಂಧ ಕಟ್ಟುವುದಿಲ್ಲ.

ಸ್ವಾರಸ್ಯವೇನೆಂದರೆ, ಹಳೆಯ ಇಂಗ್ಲಿಷಿನ ದೀರ್ಘ 'ಓ' ಇಂದಿನ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಊ' ಆಗುತ್ತದೆ. ಮೋನ ಎಂಬುದು ಮೂನ್ ಆಯಿತು, ಫೋಡ ಎಂಬುದು ಫೂಡ್ ಆಯಿತು. ಆ ಲೆಕ್ಕದಲ್ಲಿ ಗ್ಲೋಮುಂಗ್ ಎಂಬುದು 'ಗ್ಲೂಮಿಂಗ್' ಆಗಬೇಕಿತ್ತು. ಆಗಲಿಲ್ಲ. ಏಕೆಂದರೆ ದಕ್ಷಿಣದ ಇಂಗ್ಲಿಷಿನಲ್ಲಿ ಆ ಪದವೇ ಬಳಕೆ ತಪ್ಪಿತು. ಉತ್ತರದಲ್ಲಿ, ಮುಖ್ಯವಾಗಿ ಸ್ಕಾಟ್ಲೆಂಡಿನಲ್ಲಿ, ಅದು ಜನರ ಬಾಯಲ್ಲಿ ಬದುಕಿತು. ಇಂದಿನ ಇಂಗ್ಲಿಷಿಗೆ ಮರಳಿ ಬಂದದ್ದು ಸ್ಕಾಟ್‌ಲೆಂಡಿನ ಉಚ್ಚಾರಣೆಯನ್ನು ಹೊತ್ತುಕೊಂಡೇ. 1786ರಲ್ಲಿ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ ಮೊದಲ ಸಂಕಲನ ಕಿಲ್ಮಾರ್ನಾಕ್ ಊರಿನಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದೆ ಅವನೂ ಹಾಗ್ ಮೊದಲಾದವರೂ ಬರೆದದ್ದನ್ನು ಓದಿ ಇಂಗ್ಲೆಂಡಿನ ಕವಿಗಳು ಈ ಪದವನ್ನು ಮತ್ತೆ ಎತ್ತಿಕೊಂಡರು. 1911ರಲ್ಲಿ ಹ್ಯಾರಿ ಲಾಡರ್ ಎಂಬ ಸ್ಕಾಟಿಷ್ ಗಾಯಕನ ಹಾಡಿನಿಂದ ಅದು ಬೀದಿಬೀದಿಗೂ ಹರಡಿತು.

ಒಂದು ನಾಡು ಕೈಬಿಟ್ಟ ಪದವನ್ನು ಪಕ್ಕದ ನಾಡಿನ ಕುರುಬರೂ ಒಕ್ಕಲು ಮಕ್ಕಳೂ ಕಾಪಿಟ್ಟು ಹಿಂದಿರುಗಿಸಿದ್ದಾರೆ. ಹಾಗ್ ನಿಜವಾಗಿಯೂ ಕುರಿ ಕಾಯುತ್ತಿದ್ದವನು. ಎಟ್ರಿಕ್ ಕಣಿವೆಯ ಕುರುಬ ಎಂದೇ ಹೆಸರಾದವನು. ಬರ್ನ್ಸ್ ನೇಗಿಲು ಹಿಡಿದವನು. ಇವರಿಗೆ ಆ ಹೊತ್ತು ಪುಸ್ತಕದಿಂದ ಬಂದದ್ದಲ್ಲ.

ಕ್ಲೈಡ್ ದಡದಿಂದ

ನಾನು ಶಿವಮೊಗ್ಗ ಕಡೆಯವನು, ಗ್ಲಾಸ್ಗೋದಲ್ಲಿ ನೆಲೆಸಿ ಬಹಳ ಕಾಲವಾಯಿತು. ಪದದ ಮೂಲ ನನಗೆ ತಿಳಿಯದು, ಆದರೆ ಆ ಹೊತ್ತನ್ನು ದಿನವೂ ಕಾಣುತ್ತೇನೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಊರಿನಲ್ಲಿ ನಾವು ಕಂಡ ಸಂಜೆ ಹೇಗೆ? ಸೂರ್ಯ ಮುಳುಗಿದ, ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚುವಷ್ಟರಲ್ಲಿ ಹೊರಗೆ ಕತ್ತಲೆ. ಇಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ. ಮುಳುಗಿದ ಮೇಲೂ ಏನೂ ಆಗದವರಂತೆ ಮಕ್ಕಳು ಚೆಂಡಾಡುತ್ತಿರುತ್ತಾರೆ. ಹತ್ತೂವರೆಗೆ ಕಿಟಕಿಯ ಬಳಿ ಕುಳಿತು ದೀಪ ಹಚ್ಚದೆ ಪತ್ರಿಕೆಯ ತಲೆಬರಹಗಳನ್ನು ಓದಬಹುದು. ಕರಿಹಕ್ಕಿಯೊಂದು ಚಿಮಣಿಯ ಮೇಲೆ ಕುಳಿತು ಇನ್ನೂ ಹಾಡುತ್ತಿರುತ್ತದೆ. ಆಮೇಲೆ ನಿಧಾನವಾಗಿ ಬಣ್ಣಗಳು ಹೋಗುತ್ತವೆ, ಆಕಾರಗಳು ಉಳಿಯುತ್ತವೆ. ಬೇಲಿ ಬೇಲಿಯಾಗಿಯೇ ಕಾಣುತ್ತದೆ, ಅದರಲ್ಲಿರುವ ಹೂವಿನ ಬಣ್ಣ ಮಾತ್ರ ಹೇಳಲಾಗುವುದಿಲ್ಲ.

ಇನ್ನೊಂದು ಸಂಗತಿ ನಮ್ಮವರಿಗೆ ಅಚ್ಚರಿ ಎನಿಸಬಹುದು. ಆ ಬೆಳಕು ಮುಳುಗಿದ ಜಾಗದಲ್ಲೇ ಆರಿಹೋಗುವುದಿಲ್ಲ. ವಾಯವ್ಯದಲ್ಲಿದ್ದ ಹೊಳಪು ರಾತ್ರಿ ಕಳೆದಂತೆ ಉತ್ತರ ದಿಗಂತಕ್ಕೆ ಸರಿಯುತ್ತದೆ. ನಡುರಾತ್ರಿ ದಾಟಿದ ಮೇಲೆ ನೋಡಿದರೆ ನೇರ ಉತ್ತರದಲ್ಲಿ ಒಂದು ಮಸುಕು ಪಟ್ಟಿ. ಅಲ್ಲಿಂದ ಈಶಾನ್ಯಕ್ಕೆ ಜಾರಿ ಅದೇ ಬೆಳಗಿನ ಬೆಳಕಾಗಿ ಏರುತ್ತದೆ. ಸಂಜೆಯೂ ಮುಂಜಾವೂ ಒಂದೇ ಬೆಳಕಿನ ಎರಡು ತುದಿ ಎಂಬುದನ್ನು ಕಣ್ಣಾರೆ ನೋಡಬಹುದು.

ಇಲ್ಲಿನ ಹಿರಿಯರು 'ಗ್ಲೋಮಿನ್' ಎಂದು ಕೊನೆಯ ಗಕಾರ ಬಿಟ್ಟು ಹೇಳುತ್ತಾರೆ. ಎಳೆಯರ ಮಾತಿನಲ್ಲಿ ಕಡಿಮೆ, ಆದರೆ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಇನ್ನೂ ಉತ್ತರಕ್ಕೆ, ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ, ಜೂನಿನ ರಾತ್ರಿಗೆ 'ಸಿಮ್ಮರ್ ಡಿಮ್' ಎಂಬ ಬೇರೆಯೇ ಹೆಸರಿದೆ. ಸಿಮ್ಮರ್ ಎಂದರೆ ಸಮ್ಮರ್, ಬೇಸಿಗೆ. ಅಲ್ಲಿ ಆ ದಿನಗಳಲ್ಲಿ ರಾತ್ರಿ ಎಂಬುದೇ ಒಂದು ಮಬ್ಬು ಬೆಳಕು.

ನಭೋಮಿತ್ರ, ಹಾಸನ

ಕ್ಲೈಡ್ ದಡದ ಗೆಳೆಯರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ, ಏಕೆಂದರೆ ಈ ಪದ ಸ್ಕಾಟ್ಲೆಂಡಿನಲ್ಲಿ ಗಟ್ಟಿಯಾಗಿ ನಿಂತದ್ದಕ್ಕೆ ಆಕಾಶದಲ್ಲೇ ಕಾರಣವಿದೆ ಎಂಬುದು ನನ್ನ ನಂಬಿಕೆ.

ಸೂರ್ಯ ದಿಗಂತದ ಕೆಳಗೆ ಹೋದ ಮೇಲೂ ಅವನ ಕಿರಣ ಮೇಲಿನ ಗಾಳಿಗೆ ತಾಗಿ ಚದುರಿ ನಮಗೆ ತಲುಪುತ್ತದೆ. ಖಗೋಳಜ್ಞರು ಇದನ್ನು ಮೂರು ಮೆಟ್ಟಿಲು ಮಾಡಿದ್ದಾರೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗೆ ನಾಗರಿಕ ಸಂಧ್ಯೆ: ಹೊರಗಿನ ಕೆಲಸಕ್ಕೆ ದೀಪ ಬೇಡ. 12 ಡಿಗ್ರಿವರೆಗೆ ನಾವಿಕ ಸಂಧ್ಯೆ: ಕಡಲಿನಲ್ಲಿ ದಿಗಂತದ ಗೆರೆಯೂ ಕಾಣುತ್ತದೆ, ಪ್ರಕಾಶಮಾನ ನಕ್ಷತ್ರಗಳೂ ಕಾಣುತ್ತವೆ, ಹಡಗಿನವರಿಗೆ ಅಳತೆ ಮಾಡಲು ಎರಡೂ ಬೇಕು. 18 ಡಿಗ್ರಿವರೆಗೆ ಖಗೋಳ ಸಂಧ್ಯೆ. ಅದರಾಚೆ ಪೂರ್ಣ ರಾತ್ರಿ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಆದ್ದರಿಂದ ವರ್ಷದ ಯಾವ ದಿನ ನೋಡಿದರೂ ನಾಗರಿಕ ಸಂಧ್ಯೆ ಇಪ್ಪತ್ತೊಂದರಿಂದ ಇಪ್ಪತ್ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಗ್ಲಾಸ್ಗೋ, ಎಡಿನ್‌ಬರೊ ಇರುವುದು 56 ಡಿಗ್ರಿಯ ಹತ್ತಿರ. ಅಲ್ಲಿ ಸೂರ್ಯ ಓರೆಯಾಗಿ, ದಿಗಂತವನ್ನು ಸವರಿಕೊಂಡು ಇಳಿಯುತ್ತಾನೆ. ಜೂನ್ ಮೂರನೆಯ ವಾರದಲ್ಲಿ ಅದೇ ನಾಗರಿಕ ಸಂಧ್ಯೆ ಒಂದು ಗಂಟೆಗೂ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ನಡುರಾತ್ರಿಯಲ್ಲೂ ಸೂರ್ಯ ಅಲ್ಲಿ ಹತ್ತೂವರೆ ಡಿಗ್ರಿಯಷ್ಟೇ ಕೆಳಗಿರುತ್ತಾನೆ, ಅಂದರೆ ಇಡೀ ರಾತ್ರಿ ನಾವಿಕ ಸಂಧ್ಯೆಯೊಳಗೇ ಕಳೆಯುತ್ತದೆ. ಮೇ ತಿಂಗಳ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಅಲ್ಲಿ ಖಗೋಳಜ್ಞರ ಲೆಕ್ಕದ ಪೂರ್ಣ ಕತ್ತಲೆ ಬರುವುದೇ ಇಲ್ಲ. ಶೆಟ್‌ಲ್ಯಾಂಡ್ 60 ಡಿಗ್ರಿಯಲ್ಲಿದೆ. ಅಲ್ಲಿ ಜೂನ್ ನಡುರಾತ್ರಿ ಸೂರ್ಯ ಆರು ಡಿಗ್ರಿ ದಾಟುವುದೂ ಕಷ್ಟದಲ್ಲಿ.

ಹಾಗಾಗಿ ಮೇಡಂ, ನಿಮ್ಮ ಹಾಡಿನ ಗ್ಲೋಮಿಂಗ್‌ಗೂ ಮರ್ಕ್‌ಗೂ ನಡುವೆ ಎಂಬ ಮಾತು ಅಲಂಕಾರಕ್ಕೆ ಬರೆದದ್ದಲ್ಲ. ಆ ನಡುವೆ ಒಂದು ಇಡೀ ಹೊತ್ತು ಇದೆ. ಹಾಲು ಕರೆಯಲು, ನಡೆದು ಬರಲು, ಪ್ರೀತಿಸಿದವರನ್ನು ಕಾಣಲು ಸಾಕಾಗುವಷ್ಟು ಹೊತ್ತು. ನಮ್ಮಲ್ಲಿ ಅದು ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುವುದರಿಂದ ಗೈಡು ಬರೆದವರಿಗೆ ಎರಡೂ ಒಂದೇ ಎನಿಸಿರಬಹುದು.

ಬಯಲುಸೀಮೆಯವ

ಇಪ್ಪತ್ತು ನಿಮಿಷವಾದರೆ ಏನಾಯಿತು? ನಮ್ಮಲ್ಲಿ ಆ ಹೊತ್ತಿಗೆ ಹೆಸರಿಲ್ಲ ಎನ್ನುವಂತೆ ಮಾತನಾಡಬೇಡಿ. ಇಳಿಹೊತ್ತು, ಬೈಗು, ಮುಸ್ಸಂಜೆ, ದೀಪ ಹಚ್ಚುವ ಹೊತ್ತು, ನಸುಗತ್ತಲೆ, ಮುಖದ ಗುರುತು ಹತ್ತದ ಹೊತ್ತು — ಇವು ಒಂದರ ಹಿಂದೆ ಒಂದು ಬರುವ ಹೊತ್ತುಗಳು, ಒಂದೇ ಅರ್ಥದ ಆರು ಪದಗಳಲ್ಲ. ಅದರಲ್ಲೂ ಗೋಧೂಳಿ ಇದೆ. ದನ ಮನೆಗೆ ಬರುವಾಗ ಏಳುವ ಧೂಳು ಇಳಿಬಿಸಿಲಿಗೆ ಹೊನ್ನಾಗುವ ಹೊತ್ತು. ಹಾಗ್ ಹೇಳುವುದೂ ದನ ಮನೆಗೆ ಬರುವ ಹೊತ್ತನ್ನೇ. ಗ್ಲೋಮಿಂಗ್ ಎಂದರೆ ಗೋಧೂಳಿ ಎಂದು ಆ ಹುಡುಗಿಗೆ ಹೇಳಿ ಮೇಡಂ. ಅವಳು ಕಂಡ ಸಂಜೆಯೇ ಕಣ್ಣಮುಂದೆ ಬರುತ್ತದೆ.

ಕ್ಲೈಡ್ ದಡದಿಂದ

ಬಯಲುಸೀಮೆಯವರೇ, ನಿಮ್ಮ ಮಾತಿಗೆ ಬರ್ನ್ಸ್‌ನೇ ಸಾಕ್ಷಿ ಹೇಳುತ್ತಾನೆ. 1786ರ ಆ ಸಂಕಲನದಲ್ಲಿ ಎರಡು ನಾಯಿಗಳು ಕುಳಿತು ಬಡವರ, ಸಾಹುಕಾರರ ಬದುಕಿನ ಬಗ್ಗೆ ಮಾತನಾಡುವ ಕವಿತೆಯೊಂದಿದೆ. ಅದರ ಕೊನೆಯಲ್ಲಿ ಸೂರ್ಯ ಮರೆಯಾಗಿ ಗ್ಲೋಮಿನ್ ರಾತ್ರಿಯನ್ನು ಕರೆತರುತ್ತದೆ. ಆಗ ಬರ್ನ್ಸ್ ಎರಡು ಶಬ್ದಗಳನ್ನು ಕೇಳಿಸುತ್ತಾನೆ. ಒಂದು ದುಂಬಿಯಂಥ ಹುಳುವಿನ ಸೋಮಾರಿ ಗುಂಯ್‌ಗುಡುವಿಕೆ. ಇನ್ನೊಂದು ಊರ ಓಣಿಯಲ್ಲಿ ನಿಂತ ಹಸುಗಳ ಅಂಬಾ ಕೂಗು. ಹಸುಗಳಿಗೆ 'ಕೈ' ಎಂಬ ಹಳೆಯ ಬಹುವಚನ, ಕೂಗುವುದಕ್ಕೆ 'ರೌಟಿನ್'. ಇನ್ನೊಂದು ಹಾಡಿನಲ್ಲಿ, 1792ರದ್ದು, ಉತ್ತ ಹೊಲದಿಂದ ಎತ್ತುಗಳು ದಣಿದು ಬರುತ್ತವೆ, ಬೆಟ್ಟದ ಮೇಲೆ ಸಂಜೆಯ ಚುಕ್ಕಿ ಕಂಡರೆ ಕುರಿಗಳನ್ನು ಹಾಲು ಕರೆಯಲು ದೊಡ್ಡಿಗೆ ಕೂಡುವ ಹೊತ್ತಾಯಿತು ಎಂದು ಅರ್ಥ. ಬೇಟೆಗಾರನಿಗೆ ಬೆಳಗಿನ ಸೂರ್ಯ ಇಷ್ಟ, ನನಗೆ ಬೂದು ಬಣ್ಣದ ಗ್ಲೋಮಿನ್ ಕೊಡಿ ಎಂದು ಕೇಳುತ್ತಾನೆ ಅಲ್ಲಿನ ಪ್ರೇಮಿ.

ಆದರೆ ಧೂಳಿನ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಇಲ್ಲಿನ ನೆಲ ಹಸಿ. ಹುಲ್ಲು ಬೇಸಿಗೆಯಲ್ಲೂ ಪಚಪಚ ಎನ್ನುತ್ತದೆ. ದನ ಬಂದರೆ ಏಳುವುದು ಧೂಳಲ್ಲ, ಕೆಸರು ಮೆತ್ತಿದ ಗೊರಸಿನ ಸದ್ದು. ಗೋಧೂಳಿಯ ಹೊನ್ನು ಬಣ್ಣಕ್ಕೆ ಧೂಳೂ ಬೇಕು, ದಿಗಂತದ ಮೇಲೆ ಸೂರ್ಯನೂ ಬೇಕು. ಗ್ಲೋಮಿನ್ ಶುರುವಾಗುವುದು ಸೂರ್ಯ ಹೋದ ಮೇಲೆ. ಬರ್ನ್ಸ್ ಅದನ್ನು ಬೂದು ಎಂದದ್ದು ನೋಡಿ. ಎರಡೂ ದನ ಬರುವ ಹೊತ್ತೇ ಹೌದು, ಆದರೆ ಅವರ ದನ ಬಂದಾಗ ಆಕಾಶದ ಬಣ್ಣವೇ ಬೇರೆ.

ಬಯಲುಸೀಮೆಯವ

ಇದು ಒಪ್ಪುವ ಮಾತು. ಧೂಳಿಲ್ಲದ ಕಡೆ ಗೋಧೂಳಿ ಎನ್ನಲು ನನ್ನ ಮನಸ್ಸೂ ಒಪ್ಪದು. ಆದರೆ ಆ ಹುಡುಗಿ ತನ್ನ ಕೊಟ್ಟಿಗೆಯಿಂದಲೇ ಆ ಹಾಡಿಗೆ ಹೋಗಲಿ ಎಂಬುದನ್ನು ಬಿಡುವುದಿಲ್ಲ.

ರಾಗಸಂಜೆ, ಧಾರವಾಡ

ನಡುವೆ ಒಂದು ಮಾತು. ಹಿಂದೂಸ್ತಾನಿ ಸಂಗೀತದಲ್ಲಿ ಹಗಲು ರಾತ್ರಿಗಳು ಕೂಡುವ ಹೊತ್ತಿನ ರಾಗಗಳನ್ನು ಸಂಧಿಪ್ರಕಾಶ ರಾಗಗಳು ಎನ್ನುತ್ತಾರೆ. ಮಾರವಾ, ಪೂರಿಯಾ, ಪೂರ್ವಿ ಸಂಜೆಯವು, ಭೈರವ ಬೆಳಗಿನದು. ಕೋಮಲ ರಿಷಭ, ಅಂದರೆ ತಗ್ಗಿಸಿದ 'ರಿ' ಸ್ವರ, ಇವುಗಳ ಗುರುತು. ಹೆಸರು ಇಟ್ಟವರೂ ಕತ್ತಲೆಯನ್ನು ಹಿಡಿಯಲಿಲ್ಲ, ಪ್ರಕಾಶವನ್ನೇ ಹಿಡಿದರು. ಹಳೆನಿಘಂಟು ಅವರು ಗ್ಲೋಮ್ ಬಗ್ಗೆ ಬರೆದದ್ದನ್ನು ಓದುತ್ತಿದ್ದಂತೆ ಮಾರವಾ ನೆನಪಾಯಿತು. ಷಡ್ಜದ ಮೇಲೆ, ಅಂದರೆ 'ಸ' ಸ್ವರದ ಮೇಲೆ, ಬಂದು ನಿಲ್ಲಲು ಒಲ್ಲದ ಆ ರಾಗದ ತುಯ್ದಾಟ ಆ ಬೆಳಕಿಗೆ ಸಲ್ಲುತ್ತದೆ.

ಭಾಷಾಬೇರು

ಭಾಷಾವಿಜ್ಞಾನ ಓದುತ್ತಿರುವವಳು ನಾನು. ಗ್ಲೋ, ಗ್ಲೀಮ್, ಗ್ಲಿಮರ್, ಗ್ಲಿಟರ್, ಗ್ಲಿಂಟ್, ಗ್ಲಾಸ್, ಗ್ಲಾನ್ಸ್. ಇಂಗ್ಲಿಷಿನಲ್ಲಿ ಬೆಳಕಿಗೂ ನೋಟಕ್ಕೂ ಸಂಬಂಧಿಸಿದ ಪದಗಳ ಒಂದು ದೊಡ್ಡ ಗುಂಪು 'ಗ್ಲ' ಎಂದೇ ಶುರುವಾಗುತ್ತದೆ. ಇಂತಹ ಧ್ವನಿ ಮತ್ತು ಅರ್ಥಗಳ ಜೋಡಿಗೆ ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1930ರಲ್ಲಿ 'ಫೋನೆಸ್ತೀಮ್' ಎಂದು ಹೆಸರಿಟ್ಟರು. ಅದಕ್ಕೆ ಮೊದಲು ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು.

ಕನ್ನಡದವರಿಗೆ ಇದು ಹೊಸದಲ್ಲ. ಮಿಣುಕು, ಮಿನುಗು, ಮಿಂಚು, ಮಿಂಚುಹುಳು ಇವೆಲ್ಲ ಒಂದೇ ಬಳ್ಳಿ. ತಮಿಳಿನ ಮಿನ್ನು, ಮಲಯಾಳದ ಮಿನ್ನಲ್, ತೆಲುಗಿನ ಮಿಣುಕು ಕೂಡ ಇದರವೇ. ತಮಿಳಿನಲ್ಲಿ ನಕ್ಷತ್ರಕ್ಕೂ 'ಮೀನ್' ಎನ್ನುತ್ತಾರೆ. ಕೃತ್ತಿಕೆ ಅವರಿಗೆ ಆರು ಮೀನು.

ಗ್ಲಿಮರ್ ಪದದ ಹಾದಿ ಗ್ಲೋಮಿಂಗ್‌ಗಿಂತ ವಿಚಿತ್ರ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಅದು ಕಾಣಿಸಿಕೊಂಡಾಗ ಚೆನ್ನಾಗಿ ಹೊಳೆಯುವುದು ಎಂಬ ಅರ್ಥವಿತ್ತು. ಮುಂದಿನ ಶತಮಾನದಲ್ಲಿ ಅದೇ ಪದ ಮಂದವಾಗಿ ಮಿಣುಕುವುದಕ್ಕೆ ಇಳಿಯಿತು. ಜರ್ಮನ್ ಭಾಷೆಯಲ್ಲಿ ಗ್ಲಿಮರ್ ಎಂದರೆ ಅಭ್ರಕ, ನಮ್ಮ ಕಾಗೆಬಂಗಾರ. ಕಲ್ಲಿನೊಳಗಿನ ಆ ಪದರ ಬೆಳಕಿಗೆ ತಿರುಗಿದಾಗ ಒಮ್ಮೆ ಮಿಣುಕಿ ಮಾಯವಾಗುತ್ತದಲ್ಲ, ಅದಕ್ಕೇ ಆ ಹೆಸರು ಸಲ್ಲುತ್ತದೆ.

ಇನ್ನೂ ಆಳಕ್ಕೆ ಹೋದರೆ ಈ ಗ್ಲ ಪದಗಳನ್ನು ಇಂಡೋ-ಯುರೋಪಿಯನ್ ಮೂಲಭಾಷೆಯ 'ಘೆಲ್' ಎಂಬ ಧಾತುವಿಗೆ ಒಯ್ಯುತ್ತಾರೆ. ಹೊಳೆ, ಹಳದಿಯಾಗಿರು ಎಂಬುದು ಅದರ ಅರ್ಥ. ಇಂಗ್ಲಿಷಿನ ಗೋಲ್ಡ್, ಯೆಲ್ಲೋ ಅಲ್ಲಿಂದಲೇ. ಸಂಸ್ಕೃತದ ಹಿರಣ್ಯ, ಹರಿತ, ಹರಿದ್ರಾ ಸಹ ಅಲ್ಲಿಂದಲೇ. ಆ ಹರಿದ್ರಾ ಪ್ರಾಕೃತದ ಮೂಲಕ ಬಂದು ಕನ್ನಡದ ಹಳದಿ ಆಗಿದೆ. ಹಾಗೆ ನೋಡಿದರೆ ಗ್ಲೋಮಿಂಗ್ ಮತ್ತು ಹಳದಿ ದೂರದ ನೆಂಟರು!

ಹಳೆನಿಘಂಟು

ಭಾಷಾಬೇರು ಅವರೇ, ಸೊಗಸಾಗಿ ಬರೆದಿದ್ದೀರಿ. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ, ಮೇಡಂ ಇದನ್ನು ತರಗತಿಯಲ್ಲಿ ಹೇಳಲಿರುವುದರಿಂದ. ಗೋಲ್ಡ್, ಯೆಲ್ಲೋ, ಹಿರಣ್ಯ, ಹರಿತ ಇವುಗಳ ನೆಂಟಸ್ತಿಕೆ ಗಟ್ಟಿ. ಧ್ವನಿ ಬದಲಾವಣೆಯ ನಿಯಮಗಳು ಚಾಚೂ ತಪ್ಪದೆ ಹೊಂದುತ್ತವೆ. ಗ್ಲೋ, ಗ್ಲೀಮ್, ಗ್ಲಿಮರ್ ಅದೇ ಧಾತುವಿನವು ಎಂಬುದು ಬಹಳ ನಿಘಂಟುಗಳಲ್ಲಿ ಇದೆ, ಆದರೆ ಅಷ್ಟು ಗಟ್ಟಿಯಲ್ಲ. ನೀವೇ ಹೇಳಿದ ಫೋನೆಸ್ತೀಮ್ ಇಲ್ಲಿ ತೊಡಕು ಮಾಡುತ್ತದೆ. ಬೆಳಕಿನ ನಾಲ್ಕು ಪದ ಗ್ಲ ಎಂದು ಶುರುವಾದರೆ ಐದನೆಯದನ್ನು ಜನ ಅದೇ ಧ್ವನಿಯಲ್ಲಿ ಕಟ್ಟಿಕೊಳ್ಳುತ್ತಾರೆ. ಆಗ ರಕ್ತಸಂಬಂಧ ಯಾವುದು, ಸಹವಾಸದಿಂದ ಬಂದ ಹೋಲಿಕೆ ಯಾವುದು ಎಂದು ಬಿಡಿಸುವುದು ಕಷ್ಟ. ಗ್ಲವ್ (ಕೈಗವಸು), ಗ್ಲೂ (ಅಂಟು) ಇವೂ ಗ್ಲ ಪದಗಳೇ, ಅವಕ್ಕೆ ಬೆಳಕಿನ ಸೋಂಕಿಲ್ಲ.

ಗ್ಲ್ಯಾಡ್ ಎಂಬುದನ್ನು ಮಾತ್ರ ಗುಂಪಿಗೆ ಸೇರಿಸಿಕೊಳ್ಳಿ. ಇಂದು ಸಂತೋಷ ಎಂಬ ಅರ್ಥ, ಹಳೆಯ ಇಂಗ್ಲಿಷಿನಲ್ಲಿ ಹೊಳೆಯುವ, ಬೆಳಗುವ ಎಂಬ ಅರ್ಥವೂ ಇತ್ತು. ನಮ್ಮ ಪ್ರಸನ್ನ ಎಂಬ ಪದ ತಿಳಿಯಾದ ನೀರಿಗೂ ಸಲ್ಲುತ್ತದೆ, ಸಂತೋಷದ ಮುಖಕ್ಕೂ ಸಲ್ಲುತ್ತದೆ.

ಸಂಜೆಮಲ್ಲಿಗೆ

ಇಷ್ಟೊಂದು ಬರೆದ ಎಲ್ಲರಿಗೂ ಕೈಮುಗಿಯುತ್ತೇನೆ. ಶನಿವಾರ ತರಗತಿಯಲ್ಲಿ ಭೂಪಟ ಬಿಡಿಸಿ ಶಿರಸಿ ಎಲ್ಲಿ, ಗ್ಲಾಸ್ಗೋ ಎಲ್ಲಿ ಎಂದು ತೋರಿಸಿಯೇ ಪಾಠ ಶುರು ಮಾಡಿದೆ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುವುದನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ತೋರಿಸಿದಾಗ ಮಕ್ಕಳಿಗೆ ಕೂಡಲೇ ಅರ್ಥವಾಯಿತು. ಆ ಹುಡುಗಿ, "ಹಾಗಾದರೆ ಅವರ ದನ ನಿಧಾನವಾಗಿ ಬರಬಹುದು ಟೀಚರ್" ಎಂದಳು. ಹಾಡಿನ ಜೀವವೇ ಅದು.

ಅವಳದೇ ಇನ್ನೊಂದು ಪ್ರಶ್ನೆ. ಪ್ರೇಮಿ ಕೇಳುವ ಗ್ಲೋಮಿಂಗ್ ಬೂದು ಏಕೆ? ಕೆಂಪಲ್ಲವೇ? ನಾವು ಚಿತ್ರ ಬರೆಯುವಾಗ ಸಂಜೆಗೆ ಕೆಂಪು, ಕಿತ್ತಳೆ ಹಚ್ಚುತ್ತೇವೆ ಎನ್ನುತ್ತಾಳೆ.

ನಭೋಮಿತ್ರ, ಹಾಸನ

ಕೆಂಪು ಇರುವುದು ಸೂರ್ಯ ದಿಗಂತದ ಬಳಿ ಇರುವಾಗ, ಮುಳುಗಿದ ಸ್ವಲ್ಪ ಹೊತ್ತಿನವರೆಗೆ. ಬೆಳಕು ಗಾಳಿಯಲ್ಲಿ ಬಹಳ ದೂರ ಸಾಗಿ ಬರುವುದರಿಂದ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಚಿತ್ರದಲ್ಲಿ ಮಕ್ಕಳು ಬರೆಯುವುದು ಆ ಗಳಿಗೆಯನ್ನು. ಬೂದು ಬಣ್ಣ ಬರುವುದು ಆಮೇಲೆ, ಅದಕ್ಕೆ ಕಾರಣ ಆಕಾಶಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣು.

ಕಣ್ಣಿನ ಒಳಪರದೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಶಂಕುಗಳು ಬಣ್ಣ ಗುರುತಿಸುತ್ತವೆ, ಆದರೆ ಅವಕ್ಕೆ ಸಾಕಷ್ಟು ಬೆಳಕು ಬೇಕು. ಸರಳುಗಳು ಅಲ್ಪ ಬೆಳಕಿನಲ್ಲೂ ಕೆಲಸ ಮಾಡುತ್ತವೆ, ಆದರೆ ಅವಕ್ಕೆ ಬಣ್ಣದ ಭೇದ ತಿಳಿಯದು. ಬೆಳಕು ಇಳಿದಂತೆ ಕೆಲಸ ಶಂಕುಗಳಿಂದ ಸರಳುಗಳ ಕೈಗೆ ಹೋಗುತ್ತದೆ. ಸರಳುಗಳಿಗೆ ಕೆಂಪು ಬಹುಪಾಲು ಕಾಣುವುದೇ ಇಲ್ಲ, ನೀಲಿ ಹಸಿರಿನ ಕಡೆಯ ಬೆಳಕು ಚೆನ್ನಾಗಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯಾನ್ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗಮನಿಸಿ ಬರೆದ. ಅವನ ಹೆಸರಿನಲ್ಲೇ ಪುರ್ಕಿನ್ಯೆ ಪರಿಣಾಮ ಎನ್ನುತ್ತಾರೆ.

ಶಾಲೆಯ ಅಂಗಳದಲ್ಲಿ ಕೆಂಪು ದಾಸವಾಳ ಇದ್ದರೆ ಮಕ್ಕಳೇ ಪರೀಕ್ಷಿಸಬಹುದು. ಮಧ್ಯಾಹ್ನ ಹೂವು ಎಲೆಗಿಂತ ಎದ್ದು ಕಾಣುತ್ತದೆ. ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ, ವಿದ್ಯುದ್ದೀ‌ಪ ಹಾಕದೆ, ಅದೇ ಗಿಡವನ್ನು ನೋಡಲಿ. ಹೂವು ಕಪ್ಪಾಗಿರುತ್ತದೆ, ಎಲೆ ಹೂವಿಗಿಂತ ತಿಳಿಯಾಗಿ ಬೂದುಬೂದಾಗಿ ಕಾಣುತ್ತದೆ. ಮೊಬೈಲ್ ನೋಡಿ ಬಂದ ಕಣ್ಣಿಗೆ ಇದು ಸರಿಯಾಗಿ ಕಾಣುವುದಿಲ್ಲ, ಸ್ವಲ್ಪ ಹೊತ್ತು ಹೊರಗೆ ನಿಂತಿರಬೇಕು. ಬರ್ನ್ಸ್ ಬೂದು ಎಂದದ್ದು ಕಣ್ಣು ಕಂಡ ಸತ್ಯ. ಕ್ಲೈಡ್ ದಡದವರು ಹೂವಿನ ಬಣ್ಣ ಹೇಳಲಾಗುವುದಿಲ್ಲ ಎಂದು ಬರೆದದ್ದೂ ಇದನ್ನೇ.

ದಾರಿಹೋಕ

ಕೊನೆಯದಾಗಿ ನನ್ನದೊಂದು. ಸಂಜೆಗೆ ಗ್ಲೋಮಿಂಗ್ ಆಯಿತು. ಬೆಳಗಿನ ನಸುಬೆಳಕಿಗೆ ಸ್ಕಾಟ್ಲೆಂಡಿನವರು ಏನೆನ್ನುತ್ತಾರೆ? ನಮ್ಮಲ್ಲಿ ಚುಮುಚುಮು ಬೆಳಕು, ಕೋಳಿ ಕೂಗುವ ಹೊತ್ತು ಎಂದೆಲ್ಲ ಇದೆಯಲ್ಲ.

ಹಳೆನಿಘಂಟು

'ಸ್ಕ್ರೀಖ್ ಓ ಡೇ' ಎನ್ನುತ್ತಾರೆ. ಸ್ಕ್ರೀಖ್ ಎಂದರೆ ಅವರ ಮಾತಿನಲ್ಲಿ ಕೀರಲು ಕೂಗು. ಆದರೆ ಬೆಳಗಿನ ಈ ಪದ ಕೂಗಿನಿಂದ ಬಂದದ್ದಲ್ಲ. ಬೆಳಗಾಗುವುದು ಎಂಬ ಅರ್ಥದಲ್ಲಿ ಹಿಂದೆ ಬಳಕೆಯಲ್ಲಿದ್ದ 'ಕ್ರೀಕ್' ಎಂಬ ಹಳೆಯ ಪದಕ್ಕೆ ಈ ಕೂಗಿನ ಪದದ ರೂಪ ಬಂದು ಸೇರಿಕೊಂಡಿತು ಎನ್ನುತ್ತಾರೆ. ಡಚ್ ಭಾಷೆಯಲ್ಲಿ ಇಂದಿಗೂ ಬೆಳಗಾಗುವುದಕ್ಕೆ 'ಕ್ರೀಕೆನ್' ಎಂಬ ನೆಂಟ ಪದವಿದೆ. ಜನರ ಕಿವಿಗೆ ಅದು ಹಕ್ಕಿಪಕ್ಕಿಗಳ ಕೂಗಾಗಿಯೇ ಕೇಳಿಸಿದ್ದರಿಂದ ರೂಪ ತಿರುಗಿರಬೇಕು. ನಿಮ್ಮ ಕೋಳಿ ಕೂಗುವ ಹೊತ್ತಿಗೆ ಇದು ತೀರಾ ದೂರದ್ದೇನಲ್ಲ.